ಎರಡು ಮೊಣಕಾಲು, ಒಂದು ಹಣೆ

ನವೆಂಬರ್ 7, 1994, ಸೋಮವಾರ

ಕೋನ್ಯಾ ಪಟ್ಟಣದ ವಕ್ಫ್ ಕಚೇರಿಯಿಂದ ಬಂದ ಬೆರಿನ್ ಮೇಡಂ ಎರಡು ನೋಟ್‌ಬುಕ್ ತಂದಿದ್ದರು. ಒಂದರಲ್ಲಿ ನಮ್ಮ ಮಸೀದಿಯ ರತ್ನಗಂಬಳಿಗಳ ಪಟ್ಟಿ ಬರೆಯುತ್ತಾರಂತೆ. ಇನ್ನೊಂದು ದಾರಿಯಲ್ಲಿ ನೆನೆದು ರಟ್ಟು ಉಬ್ಬಿತ್ತು. “ಇದು ಕಚೇರಿಗಾಗಲ್ಲ ಜೆಲಿಹಾ ಅಕ್ಕ, ನೀವಿಟ್ಕೊಳ್ಳಿ,” ಎಂದು ನನ್ನ ಕೈಗೆ ಕೊಟ್ಟರು. ಐದನೇ ತರಗತಿ ಬಿಟ್ಟಮೇಲೆ ನಾನು ಬರೆದದ್ದು ಕಡಿಮೆ. ಈಗ ಐವತ್ತನಾಲ್ಕನೇ ವಯಸ್ಸಿನಲ್ಲಿ ಶುರುಮಾಡಿದ್ದೇನೆ. ಓದುವವರು ಯಾರೂ ಇಲ್ಲ, ಅದೊಂದು ಸಮಾಧಾನ.

ನನ್ನ ಗಂಡ ದುರ್ಸುನ್‌ಗೆ ಲಕ್ವ ಹೊಡೆದು ಒಂದೂವರೆ ವರ್ಷವಾಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ತೊದಲು. ಮಸೀದಿಯ ಕಾವಲು ಅವರ ಕೆಲಸ, ಅದಕ್ಕೆ ಮೊದಲು ಅವರ ಅಪ್ಪನದು, ಅಜ್ಜನದು. ಕಾಗದದಲ್ಲಿ ಈಗಲೂ ಅವರ ಹೆಸರೇ ಇದೆ, ಕೆಲಸ ಮಾತ್ರ ನನ್ನದು. ಬೆಳಿಗ್ಗೆ ಅವರನ್ನು ಮಗ್ಗುಲು ತಿರುಗಿಸಿ, ಒರೆಸಿ, ಸೂಪು ಕುಡಿಸಿ, ಮಸೀದಿಗೆ ಓಡಿ, ಒಲೆಯ ಬೂದಿ ಬಳಿದು, ಗುಡಿಸಿ, ಮಧ್ಯಾಹ್ನ ಬಂದು ಮತ್ತೆ ಮಗ್ಗುಲು ತಿರುಗಿಸಬೇಕು. ಏಳುನೂರು ವರ್ಷದ ಮಸೀದಿ, ನಲವತ್ತೆರಡು ಮರದ ಕಂಬ. ನೋಡಲು ಬಂದವರೆಲ್ಲ ಕತ್ತೆತ್ತಿ ತೊಲೆಗಳ ಬಣ್ಣ ನೋಡಿ ಆಹಾ ಎನ್ನುತ್ತಾರೆ. ಕಸಬರಿಗೆ ಹಿಡಿದವಳಿಗೆ ಕಾಣುವುದು ನೆಲ ಮಾತ್ರ.

“ಹಾಸು ಒಟ್ಟು ಎಷ್ಟಿವೆ ಅಕ್ಕ?” ಎಂದು ಮೇಡಂ ಕೇಳಿದರು.

“ಎಷ್ಟು ಜನ ಸತ್ತಿದಾರೋ ಅಷ್ಟು,” ಎಂದೆ.

ಅವರು ನಗಲಿಲ್ಲ. ಅವರಿಗೆ ಗೊತ್ತಿತ್ತು. ಸತ್ತವರ ಮೇಲೆ ಹೊದಿಸಿ ತಂದ ಹಾಸು, ಶವ ಮಣ್ಣಾದ ಮೇಲೆ, ಮಸೀದಿಗೇ ಸೇರುವುದು ಈ ಸುತ್ತಿನ ಎಲ್ಲ ಊರುಗಳಲ್ಲೂ ಇದ್ದದ್ದೇ. ಕೆಲವು ಕಡೆ ನಾಲ್ಕು ಪದರ ಇದೆ. ಪಕ್ಕದ ಎರಡು ಊರುಗಳ ಮಸೀದಿಯಲ್ಲಿ ಹೋದ ವರ್ಷ ಕಳ್ಳರು ಹಳೆಯವನ್ನೆಲ್ಲ ಸುತ್ತಿಕೊಂಡು ಹೋದರು. ಅದಕ್ಕೇ ಈಗ ನೂರು ವರ್ಷ ದಾಟಿದವನ್ನು ಆರಿಸಿ ಪಟ್ಟಣದ ಉಗ್ರಾಣಕ್ಕೆ ಒಯ್ಯುತ್ತಾರಂತೆ. ಉಳಿದವು ಏನಾಗುತ್ತವೆ ಎಂದು ಕೇಳಿದೆ. ಅದು ನನ್ನ ಕೈಲಿಲ್ಲ ಎಂದರು. ಅವರಿಗೂ ಸುಸ್ತಾಗಿದೆ, ಪಾಪ. ಧೂಳಿಗೆ ಬಿಡದೆ ಕೆಮ್ಮುತ್ತಾರೆ.

ನವೆಂಬರ್ 9, ಬುಧವಾರ

ಎರಡು ದಿನದಲ್ಲಿ ಮೂವತ್ತೊಂದು ಹಾಸು. ನಾನು ಎಳೆದು ಬಿಡಿಸುತ್ತೇನೆ, ಮೇಡಂ ಮಗುಚಿ ಹಾಕಿ ಭೂತಗನ್ನಡಿಯಲ್ಲಿ ಗಂಟು ಎಣಿಸುತ್ತಾರೆ. ಆಮೇಲೆ “ಯಾರದು?” ಎನ್ನುತ್ತಾರೆ. ಇದನ್ನು ಹೇಳಲು ಊರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಮೊದಲು ನನ್ನ ಅತ್ತೆ ಹೇಳುತ್ತಿದ್ದರು. ಪ್ರತಿ ಬೇಸಿಗೆ ಹಳ್ಳದಲ್ಲಿ ಇವನ್ನು ತೊಳೆಯುವಾಗ ಒಂದೊಂದಕ್ಕೂ ಹೆಸರು ಹಿಡಿದು ಬೈದು ಬೈದು ಬಡಿಯುತ್ತಿದ್ದರು. ಹಾಗೆ ನನಗೂ ಬಾಯಿಪಾಠವಾಯಿತು.

“ಇದು ಹಮ್ದಿ ಅನ್ನೋ ಜಿಪುಣಂದು. ಸತ್ತಾಗ ಮಕ್ಕಳು ಹಾಸನ್ನ ಕತ್ತರಿಸಿ ಅರ್ಧ ಮನೇಲಿಟ್ಕೊಂಡು ಅರ್ಧ ಕೊಟ್ರು. ಅಪ್ಪನಿಗೆ ತಕ್ಕ ಮಕ್ಕಳು.”

“ಯಾವ ಕಾಲದಲ್ಲಿ?”

“ನಮ್ಮತ್ತೆಯ ಅಜ್ಜಿ ಮದುವಣಗಿತ್ತಿ ಆಗಿದ್ದಾಗ.”

ಮೇಡಂ ಬೆರಳು ಮಡಚಿ ವರ್ಷ ಹಾಕಿಕೊಂಡರು. ಜಿಪುಣನ ಅರ್ಧ ಹಾಸಿಗೂ ಬಿಳಿ ಚೀಟಿ ಹೊಲಿದರು, ಪಟ್ಟಣಕ್ಕೆ ಹೊರಟಿತು. ಏಳು ಬಣ್ಣದಲ್ಲಿ ನೇಯ್ದು, ಕಣ್ಣು ಹಾಳುಮಾಡಿಕೊಂಡ ನಮ್ಮ ಸೋದರತ್ತೆಯ ಹಾಸಿಗೆ ಚೀಟಿ ಸಿಗಲಿಲ್ಲ. ಐವತ್ತೇ ವರ್ಷದ್ದಂತೆ. ಬೇಗ ಹುಟ್ಟಬೇಕಿತ್ತು ಅವಳು.

ಅಟ್ಟದ ಮೇಲಿನ ಹೆಂಗಸರ ಜಾಗದಲ್ಲೇನಿದೆ ಎಂದು ಕೇಳಿದಾಗ ಹರಕು ಚಾಪೆ ಎಂದೆ. ಯಾಕೆ ಸುಳ್ಳು ಹೇಳಿದೆನೋ.

ನವೆಂಬರ್ 10

ದುರ್ಸುನ್ ಹಾಸಿಗೆ ಒದ್ದೆ ಮಾಡಿಕೊಂಡರು. ಎರಡು ಸಲ. ಸೂಪು ತಟ್ಟೆ ಕೈಯಿಂದ ತಳ್ಳಿದರು, ಬೇಕಂತಲೋ ಕೈ ಜಾರಿಯೋ ಗೊತ್ತಿಲ್ಲ. ಒರೆಸಿದೆ.

ನವೆಂಬರ್ 13, ಭಾನುವಾರ

ಜರ್ಮನಿಯಿಂದ ಬಂದಿರುವ ರುಸ್ತೆಮ್ ಮಸೀದಿಗೆ ಬಂದು ಹೆಜ್ಜೆಯಲ್ಲಿ ಅಳತೆ ಹಾಕಿದ. ಇಪ್ಪತ್ತೈದು ವರ್ಷ ಅಲ್ಲಿನ ಕಾರ್ಖಾನೆಯಲ್ಲಿ ದುಡಿದು ಈಗ ಊರಿಗೆ ಪುಣ್ಯಕಾರ್ಯ ಮಾಡಬೇಕಂತೆ. ಗೋಡೆಯಿಂದ ಗೋಡೆಗೆ ಹಸಿರು ಕಾರ್ಪೆಟ್, ಯಾರು ಎಲ್ಲಿ ನಿಲ್ಲಬೇಕೆಂದು ಅದರಲ್ಲೇ ಸಾಲು ಅಚ್ಚಾಗಿರುತ್ತದೆ. ರಂಜಾನಿಗೆ ಮುಗಿಯುವ ಮೂರು ಪವಿತ್ರ ತಿಂಗಳು ಶುರುವಾಗುವುದರೊಳಗೆ, ಡಿಸೆಂಬರ್ ಎರಡರ ಶುಕ್ರವಾರವೇ ಹಾಸಿ ಮುಗಿಸುತ್ತಾನಂತೆ.

“ಇನ್ಮೇಲೆ ಬೇಸಿಗೇಲಿ ಹಳ್ಳದಲ್ಲಿ ಬಡಿಯೋ ಕೆಲಸ ಇಲ್ಲ ಅತ್ತಿಗೆ. ಮೆಷಿನ್ನಲ್ಲಿ ಜುಯ್ ಅಂತ ಎಳೆದ್ರೆ ಮುಗೀತು. ನಿಮಗೋಸ್ಕರಾನೇ ಮಾಡ್ತಿರೋದು ಅಂದ್ಕೊಳ್ಳಿ.”

“ಚೀಟಿ ಇಲ್ಲದ ಹಳೇವು ಏನಾಗ್ತವೆ?”

“ಒಬ್ಬ ವ್ಯಾಪಾರಿ ಬರ್ತಾನೆ. ಎಲ್ಲ ಒಯ್ದು ಎರಡು ದೊಡ್ಡ ಒಲೆ, ಒಂದು ಮೆಷಿನ್ ಕೊಡ್ತಾನೆ. ಮಸೀದಿಗೇ ತಾನೇ.”

ಹುರು ಅಜ್ಜಿ ಬಾಗಿಲಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ಎಂಬತ್ತೆರಡು ವರ್ಷ, ಕಿವಿ ಮಾತ್ರ ಹದಿನೆಂಟರದ್ದು. “ನನ್ನ ಗಂಡಂದೂ ಹೋಗುತ್ತಾ ಹಾಗಾದ್ರೆ? ನಲವತ್ತು ವರ್ಷದಿಂದ ಅದರ ಮೇಲೆ ಜನ ಹಣೆ ಊರ್ತಾ ಇದಾರೆ. ಒಂದೊಂದು ನಮಾಜಿಗೂ ಅವನ ಹೆಸರಿಗೆ ಅಷ್ಟಷ್ಟು ಪುಣ್ಯ ಬೀಳ್ತಿತ್ತು. ಬದುಕಿದ್ದಾಗ ಒಂದು ನಮಾಜು ಮಾಡಿದವನಲ್ಲ, ಸತ್ತ ಮೇಲೆ ಹಾಸಿಂದಾನೇ ಬದುಕಿದ್ದ. ಒಲೆ ಮೇಲೆ ಯಾರೋ ಹಣೆ ಊರ್ತಾರೆ, ರುಸ್ತೆಮ್?”

ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸದೆ ಅಂದಳು: “ನಿನ್ನ ಮಗಳದ್ದು ಎಲ್ಲೇ? ಒಂದು ದಿನಾನೂ ನೆಲದ ಮೇಲೆ ನೋಡ್ಲಿಲ್ಲ. ಮಡಿಸಿ ಇಟ್ರೆ ಆ ಮಗೂಗೆ ಏನು ಸಿಗುತ್ತೆ?”

ಪೊರಕೆ ಹಿಡಿದು ಈಚೆ ಬಂದೆ.

ಬರೆಯಬಾರದು ಅಂದುಕೊಂಡಿದ್ದೆ. ಬರೆದುಬಿಡುತ್ತೇನೆ. ಹುಡುಗಿಗೆ ಹತ್ತೊಂಬತ್ತು. ತನ್ನ ಮದುವೆಗೆಂದು ತಾನೇ ನೇಯುತ್ತಿದ್ದಳು. 1980ರ ಫೆಬ್ರವರಿ. ಹೊಟ್ಟೆನೋವು ಬೆಳಿಗ್ಗೆ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಮುಖ ಬೂದಿಯಾಯಿತು. ಟ್ರಾಕ್ಟರ್ ಕಟ್ಟಿ ಪಟ್ಟಣಕ್ಕೆ ಒಯ್ಯೋಣ ಎಂದು ನಾನು ಮಸೀದಿಗೆ ಓಡಿದೆ. ಆಗ ಮಸೀದಿಗೆ ತಗಡಿರಲಿಲ್ಲ, ಮಣ್ಣಿನ ಛಾವಣಿ. ಎದೆಮಟ್ಟ ಹಿಮ ಬಿದ್ದಿತ್ತು. ದುರ್ಸುನ್ ಮೇಲೆ ನಿಂತು ಮರದ ಸಲಿಕೆಯಲ್ಲಿ ತಳ್ಳುತ್ತಿದ್ದರು. “ತೊಲೆ ಕರಕರ ಅಂತಿದೆ, ಇದೊಂದು ಮೂಲೆ ಇಳಿಸಿ ಬಂದೆ,” ಎಂದರು. ಆ ಒಂದು ಮೂಲೆಗೆ ಮೂರು ಗಂಟೆ ಹಿಡಿಯಿತು. ಅಷ್ಟರಲ್ಲಿ ಕಣಿವೆಯ ರಸ್ತೆ ಮುಚ್ಚಿತು, ಟ್ರಾಕ್ಟರಿನ ಮುಂದೆ ಜನ ಹಿಮ ಅಗೆದರೂ ದಾರಿ ಸಿಗಲಿಲ್ಲ. ಅವಳು ಮರುದಿನ ಹೋದಳು.

ಮಗ್ಗದಿಂದ ಕತ್ತರಿಸಿ ತೆಗೆದ ಅರ್ಧ ಹಾಸು ಅವಳ ಸೊಂಟದವರೆಗೆ ಮಾತ್ರ ಬಂತು. ಏಳುನೂರು ವರ್ಷದ ತೊಲೆ ಉಳಿಯಿತು. ಮನೆಯಲ್ಲಿ ಇವರು ಆಮೇಲೆ ಒಂದು ದಿನವೂ ಅವಳ ಹೆಸರೆತ್ತಲಿಲ್ಲ. ಅತ್ತದ್ದೂ ನೋಡಲಿಲ್ಲ. ಬೆಳಗಾದರೆ ಮಸೀದಿ, ಮಸೀದಿ, ಮಸೀದಿ. ಈಗ ಅದೇ ಮಸೀದಿಯನ್ನು ನಾನು ಗುಡಿಸುತ್ತಿದ್ದೇನೆ.

ನವೆಂಬರ್ 15

ಹುರು ಅಜ್ಜಿಯ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಾಗಿದೆ. ಹದಿನಾಲ್ಕು ವರ್ಷದಿಂದ ಒಳಮುಖವಾಗಿ ಮಡಿಸಿ, ಅಟ್ಟದ ಮೂಲೆಯಲ್ಲಿ, ಮೂರು ಹಾಸಿನ ಕೆಳಗೆ ಇಟ್ಟಿದ್ದೇನೆ. ಹುಳ ಬರದಿರಲೆಂದು ವರ್ಷಕ್ಕೊಮ್ಮೆ ಮೇಲೆ ಅಕ್ರೋಟಿನ ಎಲೆ ಉದುರಿಸುತ್ತೇನೆ. ಬಿಡಿಸಿ ನೋಡಿಲ್ಲ, ತೊಳೆದಿಲ್ಲ. ಯಾರ ಕಾಲೂ ತಾಗಬಾರದು ಅಂದುಕೊಂಡಿದ್ದೆ. ಊರಿನ ಜಿಪುಣನಿಗೂ ಸೋಮಾರಿಗೂ ದಿನಕ್ಕೈದು ಸಲ ಪುಣ್ಯ ಬಿದ್ದಿದೆ. ನನ್ನ ಹುಡುಗಿಗೆ ಏನೂ ಇಲ್ಲ. ತಾಯಿಯೇ ಕೈಯಾರೆ ತಡೆದಿದ್ದಾಳೆ.

ವ್ಯಾಪಾರಿ ಬಂದರೆ ಅದೂ ಲಾರಿ ಹತ್ತುತ್ತದೆ. ಮನೆಗೆ ತರುವ ಹಾಗಿಲ್ಲ, ಮಸೀದಿಗೆ ಕೊಟ್ಟದ್ದು ಹೊಸಿಲು ದಾಟಿ ವಾಪಸು ಬಂದರೆ ಹಿಂದೆಯೇ ಇನ್ನೊಂದು ಸಾವು ಬರುತ್ತದೆ ಅನ್ನುತ್ತಾರೆ. ಮನೆಗೆ ತಂದರೆ ಪಾಪ, ಒಲೆಗೆ ಬದಲು ಕೊಟ್ಟರೆ ಪುಣ್ಯ. ಗಂಡಸರ ತೀರ್ಮಾನವೇ ಹಾಗೆ.

ಮೇಡಂಗೆ ಕೊಟ್ಟುಬಿಟ್ಟರೆ ಹೇಗೆ? ಗಾಜಿನೊಳಗಾದರೂ ಇರುತ್ತದೆ.

ನವೆಂಬರ್ 18, ಶುಕ್ರವಾರ

ಜುಮ್ಮಾ ನಮಾಜು ಮುಗಿದು ಗಂಡಸರೆಲ್ಲ ಹೋದ ಮೇಲೆ ಮೇಡಂ ಅವರನ್ನು ಅಟ್ಟಕ್ಕೆ ಕರೆದುಕೊಂಡು ಹೋದೆ.

“ಹರಕು ಚಾಪೆ ಅಂದಿದ್ರಿ,” ಎಂದರು.

“ಸುಳ್ಳು ಹೇಳಿದ್ದೆ.”

ಕಿಟಕಿಯ ಬೆಳಕಿಗೆ ಎಳೆದು ಬಿಡಿಸಿದರು. ನಾನು ಮುಖ ಆ ಕಡೆ ಮಾಡಿಕೊಂಡೆ. ಮೊದಲು ಹಿಂಬದಿ ನೋಡಿದರು, ಗಂಟು ಎಣಿಸಿದರು. “ತುಂಬಾ ಬಿಗಿಯಾದ ಕೈ,” ಎಂದರು. “ಕೊನೆಯ ಮೂರು ಸಾಲು ಮಾತ್ರ ಸಡಿಲ. ನೇಯೋಳಿಗೆ ಸುಸ್ತಾಗಿತ್ತೇನೋ.” ನಾನು ಕಿಟಕಿಯ ಧೂಳು ಒರೆಸುತ್ತಾ ನಿಂತೆ. “ಹೆಸರು?”

ಪಟ್ಟಿಗೆ ಬೇಕಾಗಿತ್ತು, ಅದಕ್ಕೇ ಕೇಳಿದರು. ಹದಿನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಊರಿನವರಿಗೆಲ್ಲ ಗೊತ್ತಲ್ಲ.

“ಎಸ್ಮೆ,” ಎಂದೆ. “ದುರ್ಸುನ್ ಮಗಳು.”

ಮೇಡಂ ಮುಂಬದಿ ಮಾಡಿ ಅಂಗೈಯಿಂದ ಉಣ್ಣೆ ಸವರಿದರು. ಕೈ ನಿಲ್ಲಿಸಿದರು. ಮತ್ತೆ ಸವರಿದರು. ಆಮೇಲೆ ನೆಲಕ್ಕೆ ಕೆನ್ನೆ ತಾಗುವ ಹಾಗೆ ಬಗ್ಗಿ ಓರೆಯಾಗಿ ನೋಡಿದರು.

“ಇದನ್ನ ಯಾರಾದ್ರೂ ಮುಟ್ಟಿದಾರಾ ಅಕ್ಕ?”

“ಇಲ್ಲ. ನಾನೂ ಮುಟ್ಟಿಲ್ಲ.”

“ಮುಟ್ಟಿದಾರೆ. ಬನ್ನಿ ಇಲ್ಲಿ. ಇಲ್ಲಿ ನೋಡಿ, ಇಲ್ಲಿ, ಮತ್ತೆ ಇಲ್ಲಿ ಮೇಲೆ. ಉಣ್ಣೆ ಸವೆದು ಬುಡ ಕಾಣ್ತಿದೆ. ಎರಡು ಮೊಣಕಾಲು, ಒಂದು ಹಣೆ. ಬೇರೆಲ್ಲೂ ಒಂದು ಕೂದಲೂ ಬಾಗಿಲ್ಲ. ಸಾರ್ವಜನಿಕ ಹಾಸು ಹೀಗೆ ಸವೆಯಲ್ಲ, ಎಲ್ಲ ಕಡೆ ಸವೆಯುತ್ತೆ. ಇದು ಒಬ್ಬರೇ. ಒಂದೇ ಜಾಗದಲ್ಲಿ. ವರ್ಷಗಟ್ಟಲೆ.”

ಬಗ್ಗಿ ನೋಡಿದೆ. ಎಡಗಡೆಯ ಗುಳಿ ಇರಬೇಕಾದಲ್ಲಿತ್ತು. ಬಲಗಡೆಯದು ಒಂದು ಗೇಣು ಆಚೆ, ಹೊರಗೆ ಸರಿದಿತ್ತು.

ಮದುವೆಗೆ ಮೊದಲೇ ಹೇಸರಗತ್ತೆ ಒದ್ದು ದುರ್ಸುನ್‌ಗೆ ಬಲ ಮೊಣಕಾಲು ನೇರ ಮಡಚಲು ಬಾರದು. ನಮಾಜಿಗೆ ಕೂತರೆ ಆ ಕಾಲು ಹೊರಗೆ ಹೋಗುತ್ತದೆ. ಮೂವತ್ತು ವರ್ಷ ಅವರ ಪ್ಯಾಂಟಿಗೆ ತೇಪೆ ಹಾಕಿದವಳು ನಾನು. ಬಲಗಾಲಿನ ತೇಪೆ ಯಾವಾಗಲೂ ಒಳಮಗ್ಗುಲಿಗೇ ಬರುತ್ತಿತ್ತು. ಅದರಲ್ಲೂ ಕೊನೆಯ ಹತ್ತು ಹನ್ನೆರಡು ವರ್ಷ ತಿಂಗಳಿಗೊಂದು ತೇಪೆ. ಅಂಬೆಗಾಲಿಕ್ಕಿಕೊಂಡು ಓಡಾಡ್ತೀರಾ ಎಂದು ಬೈಯುತ್ತಿದ್ದೆ.

“ಯಾರಿರಬಹುದು?” ಎಂದು ಮೇಡಂ ಕೇಳಿದರು.

“ಗೊತ್ತಿಲ್ಲ,” ಎಂದೆ. ಇವತ್ತಿನ ಸುಳ್ಳು ಇದೊಂದೇ. ಚಾಪೆಯದು ಹೋದ ವಾರದ್ದು.

ನವೆಂಬರ್ 19

ದುರ್ಸುನ್‌ಗೆ ಸೂಪು ಕುಡಿಸಿದೆ, ಗಡ್ಡ ಹೆರೆದೆ. ಹಣೆಯ ಮೇಲೆ ಕಪ್ಪು ಗುರುತಿದೆ. ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ಎಲ್ಲ ಗಂಡಸರಿಗೂ ಇರುವ ಹಾಗೆ ಅಂದುಕೊಂಡಿದ್ದೆ.

ಸಿಟ್ಟು ಬರುತ್ತಿದೆ. ಯಾಕೆಂದು ಬರೆಯಲು ಬರುತ್ತಿಲ್ಲ. ನನಗೆ ಹೇಳದೆ ಹದಿಮೂರು ವರ್ಷ ಒಬ್ಬರೇ ಅವಳ ಹತ್ತಿರ ಹೋಗಿಬಂದರು. ನಾನು ಬಿಡಿಸಲೂ ಧೈರ್ಯವಿಲ್ಲದೆ ಎಲೆ ಉದುರಿಸುತ್ತಿದ್ದೆ. ಎಲೆ ಚೆಲ್ಲಾಪಿಲ್ಲಿಯಾಗದ ಹಾಗೆ ತೆಗೆದು, ಮತ್ತೆ ಹಾಗೇ ಮಡಿಸಿ, ಮೇಲೆ ಎಲೆ ಜೋಡಿಸಿ ಇಟ್ಟಿರಬೇಕು ಈ ಮನುಷ್ಯ. ಮನೆಯಲ್ಲಿ ತನ್ನ ಕಾಲುಚೀಲ ಮಡಿಸಿದವರಲ್ಲ.

ನವೆಂಬರ್ 21, ಸೋಮವಾರ

ಬೆಳಿಗ್ಗೆ ಅವರನ್ನು ಕಿಟಕಿಯ ಹತ್ತಿರ ದಿಂಬಿಗೆ ಒರಗಿಸಿ ಕೂರಿಸಿದೆ. ಚಹಾ ಕೊಟ್ಟೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

“ಅಟ್ಟದಲ್ಲಿರೋ ಹಾಸಿನ ಮೇಲೆ ನಮಾಜು ಮಾಡ್ತಿದ್ದದ್ದು ನೀವೇನಾ?”

ಕಣ್ಣು ಮುಚ್ಚಿಕೊಂಡರು. ನಿದ್ದೆ ಹೋದರೇನೋ ಅಂದುಕೊಂಡೆ. ಆಮೇಲೆ ಹೌದೆಂದು ತಲೆ ಆಡಿಸಿದರು.

“ಯಾವಾಗ?”

“ಬೆ... ಬೆಳಿಗ್ಗೆ. ಬಾಗ್ಲು ತೆಗೆದು. ಯಾರೂ... ಬರೋಕೆ ಮುಂಚೆ.”

“ದಿನಾ?”

“ದಿನಾ.”

“ನನಗ್ಯಾಕೆ ಹೇಳ್ಲಿಲ್ಲ?”

ಅದಕ್ಕೆ ಬಾಯಿ ತೆರೆದರು. ತುಟಿಯ ಒಂದು ಕಡೆಯಿಂದ ಚಹಾ ಇಳಿಯಿತು. ಒರೆಸಿದೆ. ಆಮೇಲೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಎತ್ತನ್ನು ಹಿಡಿದು ನಿಲ್ಲಿಸುತ್ತಿದ್ದ ಕೈ ಅದು, ಈಗಲೂ ಬಿಗಿ.

“ಛಾ... ಛಾವಣಿ,” ಎಂದರು.

“ಏನು ಛಾವಣಿ?”

“ಬೀಳ್ತಿರ್ಲಿಲ್ಲ.”

ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಕೂತಿದ್ದೆ.

“ತೊಲೆ... ಗಟ್ಟಿ ಇತ್ತು. ಆಮೇಲೆ ನೋಡ್ದೆ. ತಗಡು ಹಾಕೋವಾಗ. ಬೀಳ್ತಿರ್ಲಿಲ್ಲ ಅದು. ನಾ... ನಾನು ಬರ್ಬೋದಿತ್ತು.”

ಇಷ್ಟು ಹೇಳಲು ಚಹಾ ಆರುವಷ್ಟು ಹೊತ್ತಾಯಿತು. ಅಳು ಬಂದರೆ ಅವರ ಮುಖದ ಅರ್ಧ ಮಾತ್ರ ಅಳುತ್ತದೆ. ಇನ್ನರ್ಧ ಸುಮ್ಮನಿರುತ್ತದೆ. ನೋಡಲಾಗಲಿಲ್ಲ.

ಹದಿನಾಲ್ಕು ವರ್ಷ ಇದೇ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ಕಾದಿದ್ದೆ. ಕೇಳಿದ ಮೇಲೆ ಏನೇನೋ ಅನ್ನಬೇಕೆಂದು ಮನಸ್ಸಲ್ಲೇ ಜೋಡಿಸಿಟ್ಟಿದ್ದೆ. ಒಂದೂ ಬರಲಿಲ್ಲ. ಬಂದದ್ದು ಬೇರೆ, ಯಾರಿಗೂ ಹೇಳದ್ದು.

“ಅವತ್ತು ಬೆಳಿಗ್ಗೆ ಹೊಟ್ಟೆನೋವು ಅಂದ್ಳು,” ಎಂದೆ. “ಮಗ್ಗಕ್ಕೆ ಕೂರೋಕೆ ಸೋಮಾರಿತನ ನಿನಗೆ ಅಂದೆ. ಮೂರು ಸಾಲು ಮುಗಿಸಿ ಮಲಕ್ಕೋ ಅಂದೆ. ಮುಗಿಸಿದ್ಳು.”

ಅವರು ಕೈ ಬಿಡಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. “ಗೊತ್ತು,” ಎಂದರು. ಸಡಿಲ ಸಾಲುಗಳನ್ನು ದಿನಾ ಹಣೆಯ ಕೆಳಗೆ ನೋಡುತ್ತಿದ್ದವರು. ಗೊತ್ತಿರಲೇಬೇಕು.

ಮಧ್ಯಾಹ್ನದವರೆಗೆ ಹಾಗೇ ಕೂತಿದ್ದೆವು. ಮಸೀದಿಯ ಬಾಗಿಲು ತೆಗೆಯುವುದು ತಡವಾಗಿ ಇಮಾಮರು ಮನೆಗೇ ಬಂದರು.

ನವೆಂಬರ್ 24, ಗುರುವಾರ

ಚೀಟಿ ಹೊಲಿದ ನಲವತ್ತೇಳು ಹಾಸುಗಳನ್ನು ಇವತ್ತು ವ್ಯಾನಿಗೆ ಹಾಕಿದರು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

“ನೂರು ವರ್ಷ ಆಗಿಲ್ಲ ನಿಜ. ಆದ್ರೂ ಎಸ್ಮೆಯದನ್ನ ಒಯ್ತೀನಿ. ಮೇಲಿನವರಿಗೆ ನಾನು ಹೇಳ್ಕೋತೀನಿ. ಇಂಥದ್ದು ನಾನು ಎಲ್ಲೂ ನೋಡಿಲ್ಲ ಅಕ್ಕ. ಹುಳ ಬರದ ಹಾಗೆ, ಬಿಸಿಲು ತಾಗದ ಹಾಗೆ ಇಡ್ತೀವಿ. ಇನ್ನೂರು ವರ್ಷ ಏನೂ ಆಗಲ್ಲ.”

ಇಲ್ಲಿ ಬಿಟ್ಟರೆ ವ್ಯಾಪಾರಿಯ ಪಾಲು. ಒಪ್ಪಬೇಕೆಂದೇ ಬಂದಿದ್ದೆ.

“ಅಲ್ಲಿ ಯಾರಾದ್ರೂ ಅದರ ಮೇಲೆ ಮೊಣಕಾಲು ಊರ್ತಾರಾ?” ಎಂದು ಕೇಳಿದೆ.

“ಇಲ್ಲಪ್ಪ. ಕೈಗೆ ಗ್ಲೌಸ್ ಹಾಕ್ದೆ ಮುಟ್ಟೋ ಹಾಗೂ ಇಲ್ಲ.”

“ಹಾಗಾದ್ರೆ ಬೇಡ.”

“ಇಲ್ಲಿದ್ರೆ ಸವೆದುಹೋಗುತ್ತೆ ಅಕ್ಕ.”

“ಸವೀಲಿ. ಅದಕ್ಕೇ ಕೊಟ್ಟಿದ್ದು.”

ಮೇಡಂ ಪಟ್ಟಿಯ ಪುಸ್ತಕ ತೆಗೆದು, ಎಸ್ಮೆಯ ಹೆಸರಿನ ಮುಂದೆ ‘ಬಳಕೆಯಲ್ಲಿದೆ, ಊರಲ್ಲೇ ಉಳಿಸಲಾಗಿದೆ’ ಎಂದು ಬರೆದು, ಕೆಳಗೆ ಸಹಿ ಹಾಕಿ, ಮುದ್ರೆ ಒತ್ತಿ, ಆ ಹಾಳೆಯ ನಕಲು ನನಗೆ ಕೊಟ್ಟರು. “ವ್ಯಾಪಾರಿಗೆ ಇದನ್ನ ತೋರಿಸಿ. ಮುದ್ರೆ ಕಂಡ್ರೆ ಮುಟ್ಟಲ್ಲ,” ಎಂದರು. ಹೋಗುವಾಗ ಅಪ್ಪಿಕೊಂಡರು. ಅವರ ಕೆಮ್ಮಿಗೆ ಒಣಗಿಸಿದ ಲಿಂಡೆನ್ ಹೂವು ಕಟ್ಟಿಕೊಟ್ಟೆ.

ನವೆಂಬರ್ 29

ವ್ಯಾಪಾರಿ ಬಂದ, ಹೇರಿದ, ಹೋದ. ಸೋದರತ್ತೆಯ ಏಳು ಬಣ್ಣವೂ ಹೋಯಿತು. ಹುರು ಅಜ್ಜಿ ತನ್ನ ಗಂಡನ ಹಾಸಿನ ಮೇಲೆ ಕೂತು ಏಳಲೇ ಇಲ್ಲ. ಅಜ್ಜಿಯ ಸಮೇತ ಎತ್ತಲಾರದೆ ಬಿಟ್ಟುಹೋದರು. ನಾನು ಮುದ್ರೆಯ ಕಾಗದ ಹಿಡಿದು ಅಟ್ಟದ ಏಣಿಗೆ ಅಡ್ಡ ನಿಂತಿದ್ದೆ. ಒಂದನ್ನು ಉಳಿಸಿಕೊಳ್ಳುವುದರಲ್ಲೇ ನನ್ನ ಶಕ್ತಿ ಮುಗಿಯಿತು. ಉಳಿದವರು ಕ್ಷಮಿಸಲಿ.

ಹೊಸ ಒಲೆಗಳು ಚೆನ್ನಾಗಿ ಉರಿಯುತ್ತವೆ, ಅದನ್ನೂ ಹೇಳಬೇಕು.

ಡಿಸೆಂಬರ್ 2, ಶುಕ್ರವಾರ

ಬೆಳಿಗ್ಗೆಯೇ ಕಾರ್ಪೆಟ್ ಬಂತು. ಹಸಿರು ಹೊಲದ ಹಾಗೆ ಉರುಳಿಸುತ್ತಾ ಬಂದರು. ಬಾಗಿಲ ಪಕ್ಕದ ಕಂಬದ ಹತ್ತಿರ ಬಂದಾಗ ನಾನು ಹೋಗಿ ನಿಂತೆ.

“ರುಸ್ತೆಮ್, ಇಲ್ಲಿ ಇಷ್ಟು ಜಾಗ ಬಿಡು.”

“ಯಾಕೆ ಅತ್ತಿಗೆ?”

“ಎಸ್ಮೆಯ ಹಾಸು ಹಾಕಬೇಕು. ದುರ್ಸುನ್ ಅಟ್ಟ ಹತ್ತಲಾರರು. ಇಲ್ಲಾದ್ರೆ ಬಾಗಿಲ ಹತ್ತಿರ, ಕೂರಿಸಬಹುದು.”

“ಸಾಲು ಕೆಡುತ್ತಲ್ಲ! ಇಷ್ಟು ದುಡ್ಡು ಹಾಕಿ ತರಿಸಿದ್ದೇ ಸಾಲು ನೆಟ್ಟಗಿರಲಿ ಅಂತ.”

“ನಿನ್ನ ಸಾಲಲ್ಲಿ ನಿಲ್ಲೋಕೆ ಅವರಿಗೆ ಕಾಲೇ ಇಲ್ಲವಲ್ಲೋ.”

ಕೆಲಸದವರು ಕೈ ಕಟ್ಟಿ ನಿಂತರು. ನನ್ನ ದನಿ ಎತ್ತರವಾಗಿತ್ತು ಅನಿಸುತ್ತದೆ, ಇಮಾಮರೂ ಬಂದರು. ಅವರಿನ್ನೂ ಚಿಕ್ಕವರು, ಬೇರೆ ಸೀಮೆಯವರು. “ಎಸ್ಮೆ ಅಂದ್ರೆ ಯಾರು?” ಎಂದು ಕೇಳಿದರು. ಊರಲ್ಲಿ ನಾಲ್ಕು ವರ್ಷದಿಂದ ಇದ್ದಾರೆ, ಅವರಿಗೆ ಗೊತ್ತೇ ಇರಲಿಲ್ಲ. ತಪ್ಪು ಅವರದಲ್ಲ. ನಾವೇ ಹೇಳಿರಲಿಲ್ಲ.

“ನನ್ನ ಮಗಳು,” ಎಂದೆ. ಎಲ್ಲರೆದುರಿಗೆ. “ಹತ್ತೊಂಬತ್ತಕ್ಕೆ ಹೋದಳು. ಅರ್ಧ ನೇಯ್ದಿದ್ದಳು.”

ರುಸ್ತೆಮ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಕೆಟ್ಟವನಲ್ಲ ಅವನು. ಅವತ್ತು ಟ್ರಾಕ್ಟರಿನ ಮುಂದೆ ಹಿಮ ಅಗೆದವರಲ್ಲಿ ಅವನ ಅಪ್ಪನೂ ಒಬ್ಬ. “ಕತ್ತರಿಸ್ರೋ,” ಎಂದ. “ಕಂಬದಿಂದ ಬಾಗಿಲವರೆಗೆ ಕತ್ತರಿಸಿ. ಅತ್ತಿಗೆ ಹೇಳಿದಷ್ಟು ಬಿಡಿ.” ಆಮೇಲೆ ನನಗೆ ಮಾತ್ರ ಕೇಳಿಸುವ ಹಾಗೆ, “ಜರ್ಮನೀಲಾಗಿದ್ರೆ ಇದಕ್ಕೊಂದು ಅರ್ಜಿ ಹಾಕಬೇಕಾಗ್ತಿತ್ತು ನಿಮಗೆ,” ಎಂದ. ನಗು ಬಂತು. ಯಾವಾಗ ನಕ್ಕಿದ್ದೆನೋ.

ಡಿಸೆಂಬರ್ 5, ಸೋಮವಾರ

ನಿನ್ನೆಯಿಂದ ಹಿಮ. ತಗಡಿನ ಮೇಲಿಂದ ತಾನೇ ಜಾರಿ ಬೀಳುತ್ತಿದೆ.

ಬೆಳಗಿನ ನಮಾಜಿನವರೆಲ್ಲ ಹೋದ ಮೇಲೆ ಇವರಿಗೆ ಎರಡು ಸ್ವೆಟರ್ ಹಾಕಿ, ಹಾಲಿನ ಕ್ಯಾನು ಸಾಗಿಸುವ ಕೈಗಾಡಿಯಲ್ಲಿ ಕೂರಿಸಿದೆ. ಹುರು ಅಜ್ಜಿ ಸಹಾಯಕ್ಕೆಂದು ಬಂದು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಬೇರೆ ದಿಕ್ಕಿಗೇ ತಳ್ಳಿದಳು. “ಮದುವೆ ದಿಬ್ಬಣ ಬಂತು, ದಾರಿ ಬಿಡ್ರೋ!” ಎಂದು ಕೂಗುತ್ತಿದ್ದಳು. ಇವರು ಅರ್ಧ ಮುಖದಲ್ಲಿ ನಕ್ಕರು. ಬಾಗಿಲ ಹತ್ತಿರ ಇಳಿಸಿದ ಮೇಲೆ ಅಜ್ಜಿಗೆ ಏನನಿಸಿತೋ, ತಾನು ಮನೆಗೆ ಹೋಗಬೇಕು, ಒಲೆ ಮೇಲೆ ಹಾಲಿದೆ ಎಂದು ಹೊರಟಳು. ಅವಳ ಮನೆಯಲ್ಲಿ ಹಸುವೇ ಇಲ್ಲ.

ಇವರನ್ನು ಎಳೆದು ಹಾಸಿನ ಅಂಚಿಗೆ ತಂದು ಕಂಬಕ್ಕೆ ಒರಗಿಸಿ ಕೂರಿಸಿದೆ. ಮೊಣಕಾಲೂರಲು ಆಗುವುದಿಲ್ಲ. ಎಡಗೈಯಿಂದ ಉಣ್ಣೆಯನ್ನು ಹುಡುಕಿದರು. ಅಂಚಿನ ಸಡಿಲ ಸಾಲುಗಳ ಹತ್ತಿರ ಕೈ ನಿಂತಿತು. ಅಲ್ಲೇ ಸವರುತ್ತಿದ್ದರು. ಆಮೇಲೆ ನನ್ನನ್ನು ನೋಡಿ ಗಲ್ಲದಿಂದ ಹಾಸನ್ನು ತೋರಿಸಿದರು. ನೀನು, ಎನ್ನುವ ಹಾಗೆ.

ಭಯವಾಯಿತು, ನಿಜ ಹೇಳುತ್ತೇನೆ. ನನ್ನ ಮಗಳ ಮೇಲೆ ಕಾಲಿಡುವ ಹಾಗೆ ಅನಿಸಿತು. ಆದರೂ ಇಟ್ಟೆ. ಎಡ ಮೊಣಕಾಲು ಅವರ ಗುಳಿಯಲ್ಲೇ ಕೂತಿತು. ಬಲಗಡೆಯದು ದೂರ, ನನ್ನ ಕಾಲು ಅಲ್ಲಿಗೆ ಹೋಗುವುದಿಲ್ಲ. ಅವರು ಒರಗಿ ಕೂತಿದ್ದದ್ದು ಅದೇ ಕಡೆ. ಎಡಗೈ ಚಾಚಿ, ಅಂಗೈಯನ್ನು ಆ ಗುಳಿಯಲ್ಲಿಟ್ಟು, ಊರಿ ಹಿಡಿದರು.

ಹಣೆ ನೆಲಕ್ಕಿಟ್ಟೆ. ಉಣ್ಣೆ ಸವೆದ ಜಾಗ, ಬುಡದ ಗಂಟುಗಳು ಚರ್ಮಕ್ಕೆ ತಾಗಿದವು. ಓದಬೇಕಾದದ್ದನ್ನು ಓದಿದೆ. ತಲೆ ಎತ್ತಬೇಕು ಅನ್ನುವಷ್ಟರಲ್ಲಿ ಪಕ್ಕದಿಂದ ದನಿ ಕೇಳಿಸಿತು.

“ಎಸ್ಮೆ,” ಎಂದರು. ತೊದಲಿಲ್ಲ.

ನಾನು ಬಗ್ಗಿದವಳು ಹಾಗೇ ಇದ್ದೆ, ಇನ್ನೊಮ್ಮೆ ಹೇಳಲಿ ಎಂದು.